ಎಂಟು ಗಂಟೆಯ ಸೊನ್ನೆ

ನಮ್ಮೂರ ಸೇತುವೆಯ ಮೂರನೇ ಕಂಬಕ್ಕೆ ಒಂದು ಅಳತೆಪಟ್ಟಿ ಬಡಿದಿದ್ದಾರೆ. ಬಿಳಿ ತಗಡು, ಕಪ್ಪು ಗೆರೆ, ಕೆಂಪು ಅಂಕಿ. ಹಳ್ಳದಲ್ಲಿ ನೀರು ಎಷ್ಟು ಎತ್ತರ ನಿಂತಿದೆ ಎಂಬುದನ್ನು ಅದನ್ನು ನೋಡಿ ಹೇಳಬಹುದು. ದಿನಾ ಬೆಳಿಗ್ಗೆ ಎಂಟು ಗಂಟೆಗೆ ಸೇತುವೆಯ ಮೇಲೆ ನಿಂತು ಆ ಅಂಕಿ ಓದಿ, ಕಣಿವೆ ಕಚೇರಿಯವರು ಕೊಟ್ಟ ಉದ್ದನೆಯ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸವಾಗಿತ್ತು. ಹದಿನಾಲ್ಕು ವರ್ಷ ಮಾಡಿದೆ. ಹೆಚ್ಚುಕಮ್ಮಿ ಎಲ್ಲಾ ದಿನವೂ ನಾನು ಬರೆದದ್ದು ಸೊನ್ನೆ.

ಕಣಿವೆ ಕಚೇರಿ ಎಂದರೆ ಒಂದು ನದಿಗೆ ಸೇರುವ ಹಳ್ಳ, ಕೆರೆ, ಕಾಲುವೆ, ಊರು, ಹೊಲ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವ ಕಚೇರಿ. ನಮ್ಮ ಹಳ್ಳ ಹಗರಿ ನದಿಗೆ ಸೇರುತ್ತದೆ, ಹಗರಿ ಆಂಧ್ರದ ಗಡಿ ದಾಟುತ್ತದೆ, ಆದ್ದರಿಂದ ನಮ್ಮ ಹಳ್ಳವೂ ಅವರ ನಕ್ಷೆಯಲ್ಲಿ ಕೂದಲೆಳೆಯಷ್ಟು ಗೆರೆಯಾಗಿ ಇತ್ತು. ಆ ಗೆರೆಯ ಮೇಲೆ ಒಂದು ಚುಕ್ಕೆ. ಆ ಚುಕ್ಕೆ ನಾನು.

ದೇವಸಮುದ್ರದ ಕಡೆ ಹೋಗುವ ಮೊದಲ ಬಸ್ಸು ಸೇತುವೆ ದಾಟುವ ಹೊತ್ತಿಗೆ ನಾನು ಅಲ್ಲಿ ನಿಂತಿರುತ್ತಿದ್ದೆ. ಕಂಡಕ್ಟರ್ ಬಾಗಿಲಿಂದ ತಲೆ ಹಾಕಿ, “ಎಷ್ಟಕ್ಕಾ ಇವತ್ತು?” ಎಂದು ಕೂಗುತ್ತಿದ್ದ. ಬಸ್ಸಿನ ಒಳಗಿನವರೆಲ್ಲ ಸೇರಿ “ಸೊನ್ನೆ!” ಎಂದು ನಗುತ್ತಿದ್ದರು. ಊರಲ್ಲಿ ನನ್ನನ್ನು ಸೊನ್ನೆಯಕ್ಕ ಎಂದೇ ಕರೆಯುತ್ತಿದ್ದರು. ಮೊದಮೊದಲು ಉರಿದುಹೋಗುತ್ತಿತ್ತು. ಆಮೇಲೆ ಅದರ ಮೇಲೆಯೇ ಒಂದು ಜಂಬ ಬೆಳೆಯಿತು. ನಾನು ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಹುಟ್ಟಿದವಳು. ಒಂದು ಎಳೆ ತಪ್ಪಿದರೆ ಅಪ್ಪ ಸುಮ್ಮನಿರುತ್ತಿರಲಿಲ್ಲ, ತಪ್ಪು ಬಿದ್ದ ಜಾಗದವರೆಗೂ ಬಿಚ್ಚಿಸುತ್ತಿದ್ದ. ಹಾಗೆ ಬೆಳೆದವಳಿಗೆ ಸೊನ್ನೆಯನ್ನೂ ದುಂಡಗೆ ಬರೆಯಬೇಕು ಅನ್ನಿಸುತ್ತಿತ್ತು. ಮಗಳ ಧಾರೆಯ ದಿನವೂ ರೇಷ್ಮೆ ಸೀರೆಯಲ್ಲೇ ಸೇತುವೆಗೆ ಓಡಿಹೋಗಿ ಬರೆದು ಬಂದಿದ್ದೆ. ಬೀಗರ ಕಡೆಯವರು ಈಗಲೂ ಅದನ್ನು ಎತ್ತಿ ಆಡುತ್ತಾರೆ.

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಸಂಜೆ ಹಳ್ಳ ಬಂದು, ಬೆಳಗಾಗುವಷ್ಟರಲ್ಲಿ ಇಳಿದುಹೋಗಿತ್ತು. ಎಂಟು ಗಂಟೆಯ ಅಂಕಣದಲ್ಲಿ ಸೊನ್ನೆ ಬರೆದು, ಪಕ್ಕದ ಅಂಚಿನಲ್ಲಿ “ನಿನ್ನೆ ಸಂಜೆ ಸೊಂಟದ ಮಟ್ಟ ಬಂದಿತ್ತು” ಎಂದು ಸಣ್ಣದಾಗಿ ಬರೆದೆ. ತಿಂಗಳ ಕೊನೆಗೆ ಪುಸ್ತಕ ನೋಡಲು ಬಂದ ಆಗಿನ ಸಾಹೇಬರು ಆ ಸಾಲಿನ ಮೇಲೆ ಬೆರಳಿಟ್ಟು, ನಾಲ್ಕು ಜನರ ಎದುರಿಗೆ, “ಏನಮ್ಮಾ, ಪುಸ್ತಕದಲ್ಲಿ ಕತೆ ಬರೀತೀಯಾ?” ಎಂದರು. ಅಳತೆ ಬರಿ ಅಂದರೆ ಅಳತೆ ಬರಿ, ಎಂಟು ಗಂಟೆ ಅಂದರೆ ಎಂಟು ಗಂಟೆ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಜಗಳ ಆಡುವ ಧೈರ್ಯ ಇರಲಿಲ್ಲ, ಆದ್ದರಿಂದ ಹಟ ಹಿಡಿದೆ. ಹಾಗಾದರೆ ಇನ್ನು ನಿಮಗೆ ಎಂಟು ಗಂಟೆಯದು ಬಿಟ್ಟು ಒಂದಕ್ಷರವೂ ಸಿಗುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆ ಸಾಹೇಬರು ವರ್ಗವಾಗಿ ಹೋದರು, ನಿವೃತ್ತರೂ ಆದರು. ನನ್ನ ಹಟ ಮಾತ್ರ ಅಲ್ಲೇ ಉಳಿಯಿತು.

ಮೊದಲಾದರೆ ಅದರಿಂದ ಅಷ್ಟೇನೂ ನಷ್ಟವಿರಲಿಲ್ಲ. ಉತ್ತರೆ, ಹಸ್ತ, ಚಿತ್ತೆ ಮಳೆಗಳು ಜಡಿ ಹಿಡಿದರೆ ಹಳ್ಳ ಮೂರು ನಾಲ್ಕು ದಿನ ಒಂದೇ ಸಮ ಹರಿಯುತ್ತಿತ್ತು. ಎಂಟು ಗಂಟೆಗೆ ಹೋದರೂ ಸಿಗುತ್ತಿತ್ತು, ಮಧ್ಯಾಹ್ನ ಹೋದರೂ ಸಿಗುತ್ತಿತ್ತು. ಈಗಿನ ಮಳೆಗೆ ಆ ಪುರುಸೊತ್ತಿಲ್ಲ. ನಮ್ಮಲ್ಲಿ ಬಿಸಿಲು ಚುರುಗುಟ್ಟುತ್ತಿರುತ್ತದೆ, ಮೇಲುಗಡೆ ಎಲ್ಲೋ ಒಂದು ತಾಸು ಬಕೆಟ್ಟಲ್ಲಿ ಸುರಿದ ಹಾಗೆ ಸುರಿಯುತ್ತದೆ, ಮಧ್ಯಾಹ್ನ ಮೂರಕ್ಕೋ ನಾಲ್ಕಕ್ಕೋ ಹಳ್ಳ ಧಡಧಡ ಬರುತ್ತದೆ, ದೀಪ ಹಚ್ಚುವ ಹೊತ್ತಿಗೆ ಮೊಣಕಾಲಿಗೆ ಇಳಿಯುತ್ತದೆ. ಬೆಳಿಗ್ಗೆ ನಾನು ಹೋದಾಗ ಒದ್ದೆ ಮರಳು, ಕಂಬಕ್ಕೆ ಸಿಕ್ಕಿಕೊಂಡ ಜಾಲಿಮುಳ್ಳು, ತಗಡಿನ ಮೇಲೆ ಆಳೆತ್ತರದಲ್ಲಿ ಒಣಗಿದ ನೊರೆಯ ಗೆರೆ. ಅದನ್ನೆಲ್ಲ ನೋಡುತ್ತಿದ್ದೆ. ನೋಡಿ ಸೊನ್ನೆ ಬರೆಯುತ್ತಿದ್ದೆ.

ಸೇತುವೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಹಳ್ಳದ ದಡದ ಮೇಲೆ ಕುರಿಯವರ ಹಟ್ಟಿಯಿದೆ. ಹನ್ನೊಂದು ಮನೆ. ಅವರಿಗೆ ಕುಡಿಯುವ ನೀರು ಎಂದರೆ ಹಳ್ಳದ ಮರಳಿನಲ್ಲಿ ತೋಡಿದ ಒರತೆ. ಭುಜದಾಳ ಗುಂಡಿ, ಕುರಿ ಇಳಿಯದಂತೆ ಸುತ್ತ ಮುಳ್ಳಿನ ಬೇಲಿ, ತಳದಲ್ಲಿ ಕನ್ನಡಿಯ ಹಾಗೆ ನಿಂತ ನೀರು. ಬೋರಿನ ನೀರು ಕುಡಿದು ಹಲ್ಲು ಹಳದಿಯಾಗಿ ಮಂಡಿ ಹಿಡಿದುಕೊಂಡವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಆದ್ದರಿಂದ ನಾನೂ ದಿನಕ್ಕೊಂದು ಕೊಡ ಆ ಒರತೆಯಿಂದಲೇ ತರುತ್ತಿದ್ದೆ. ಹಟ್ಟಿಯ ಅಜ್ಜಿ ಬೇಡವೆಂದವಳಲ್ಲ. ಅವಳು ಅರ್ಧ ತೆಲುಗು, ಅರ್ಧ ಕನ್ನಡ. ಬೈಯುವಾಗ ಎರಡೂ ಪೂರ್ತಿ.

ಒಂದು ದಿನ ಕಣಿವೆ ಕಚೇರಿಯ ಇಂಜಿನಿಯರ್ ಜೀಪಿನಲ್ಲಿ ಬಂದ. ಮಗನ ವಯಸ್ಸಿನ ಹುಡುಗ, ಮಾತು ಮೆತ್ತಗೆ. ನಮ್ಮ ಜಗುಲಿಯ ಮೇಲೆ ಕೂತು ಹದಿನಾಲ್ಕು ವರ್ಷದ ಪುಸ್ತಕಗಳನ್ನು ಒಂದೊಂದಾಗಿ ತಿರುವಿ ಹಾಕಿದ.

“ಅಮ್ಮಾ, ಇಡೀ ಕಣಿವೆಯಲ್ಲಿ ನಿಮ್ಮಷ್ಟು ಶುದ್ಧವಾದ ಪುಸ್ತಕ ಇನ್ನೊಂದಿಲ್ಲ. ಒಂದು ದಿನಾನೂ ಖಾಲಿ ಬಿಟ್ಟಿಲ್ಲ, ಒಂದು ಕಡೆನೂ ತಿದ್ದಿಲ್ಲ” ಎಂದ.

ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರೇ ಬಂತು. ಇನ್ನೊಂದು ಲೋಟ ಚಹಾ ಮಾಡಿಕೊಟ್ಟೆ. ಚಹಾ ಕುಡಿಯುತ್ತಾ ಅವನು ಲ್ಯಾಪ್‌ಟಾಪ್ ತೆರೆದು ನಕ್ಷೆ ತೋರಿಸಿದ. ಹವಾಮಾನ ಬದಲಾಗುತ್ತಿದೆ, ಹಳೆಯ ಲೆಕ್ಕ ನಂಬಿ ನದಿ ನಡೆಸಲು ಆಗುವುದಿಲ್ಲ, ಅದಕ್ಕೆ ಕಚೇರಿ ಹೊಸ ಯೋಜನೆ ಮಾಡುತ್ತಿದೆ ಎಂದ. ನೀರು ತಟ್ಟನೆ ನುಗ್ಗುವ ಹಳ್ಳಗಳಿಗೆ ಮೇಲುಗಡೆ ಯಂತ್ರ ಇಡುತ್ತಾರಂತೆ. ನೀರು ಬರುವ ಮೊದಲೇ ದಡದ ಊರಿನವರ ಫೋನಿಗೆ ಸುದ್ದಿ ಹೋಗುತ್ತದಂತೆ. ಆ ಹಳ್ಳಗಳಿಗೆಲ್ಲ ಕೆಂಪು ಬಣ್ಣ ಬಳಿದಿದ್ದ. ನಮ್ಮದು ಬೂದಿ ಬಣ್ಣದಲ್ಲಿತ್ತು.

“ನಮ್ದು ಯಾಕೆ ಹಿಂಗೈತೆ?” ಎಂದೆ.

“ಇದು ಹರಿವಿಲ್ಲದ ಹಳ್ಳ ಅಮ್ಮ. ಇಂಥವನ್ನ ಪಟ್ಟಿಯಿಂದ ಬಿಡ್ತಿದ್ದೀವಿ. ಅಳತೆಪಟ್ಟಿನೂ ತೆಗೀತೀವಿ. ಬೇರೆ ಕಡೆಯದೆಲ್ಲ ಅನುಮಾನ ಇದೆ, ನಿಮ್ಮ ಹಳ್ಳದ ಬಗ್ಗೆ ಮಾತ್ರ ಇಲ್ಲ. ನಿಮ್ಮ ಪುಸ್ತಕಾನೇ ಸಾಕ್ಷಿ.”

ನಾನು ಬಾಯಿ ಬಿಡಲಿಲ್ಲ. ಆಗಷ್ಟೇ ಹೊಗಳಿಸಿಕೊಂಡ ಬಾಯಿ. ಅವನು ಮುಂದಿನ ವಾರ ಚಳ್ಳಕೆರೆಯಲ್ಲಿ ಸಭೆ ಇದೆ, ಎಲ್ಲ ಊರಿನವರೂ ಬಂದು ಅಭಿಪ್ರಾಯ ಹೇಳಬಹುದು, ನೀವೂ ಬನ್ನಿ ಎಂದು ಕರೆದು ಹೋದ.

ಜೀಪು ಹೋದ ಮೇಲೆ ಕೊಡ ಎತ್ತಿಕೊಂಡು ಒರತೆಗೆ ಹೊರಟೆ. ಹಳ್ಳಕ್ಕೆ ಇಳಿಯುವ ದಾರಿಯಲ್ಲಿ ಹಿಂದಿನ ವರ್ಷದ ಚಿತ್ತೆ ಮಳೆಯ ಆ ದಿನ ಕಣ್ಣ ಮುಂದೆ ಬಂದು ನಿಂತಿತು. ಮಧ್ಯಾಹ್ನ ನಾಲ್ಕರ ಹೊತ್ತು, ಒಳ್ಳೆ ಬಿಸಿಲು. ಅಜ್ಜಿಯ ಸೊಸೆ ಒರತೆಯ ಒಳಗೆ ಇಳಿದು ಬಟ್ಟಲಿನಿಂದ ಕೊಡ ತುಂಬುತ್ತಿದ್ದಳು. ಗುಂಡಿಯ ಒಳಗೆ ಬಗ್ಗಿರುವವರಿಗೆ ಹಳ್ಳದ ಮೇಲುಗಡೆ ಕಾಣುವುದಿಲ್ಲ, ಸದ್ದೂ ಕೇಳುವುದಿಲ್ಲ. ದಡದ ಮೇಲಿದ್ದ ಅಜ್ಜಿ “ಏರು ವಚ್ಚಿಂದಿ!” ಎಂದು ಕಿರುಚಿಕೊಂಡಳು. ಹಳ್ಳ ಬಂತು ಅಂತ. ಸೊಸೆ ತಲೆ ಎತ್ತುವಷ್ಟರಲ್ಲಿ ನೀರು ಬೇಲಿಯನ್ನು ಕಿತ್ತಿತ್ತು. ಮೈದುನ ಓಡಿಬಂದು ತೋಳು ಹಿಡಿದು ಎಳೆದ. ಜೀವ ಉಳಿಯಿತು, ತೋಳಿನ ಕೀಲು ತಪ್ಪಿತು. ಕೂಗು ಕೇಳಿ ನಾನೂ ಓಡಿಹೋಗಿದ್ದೆ. ಅವಳ ತೋಳನ್ನು ಎದೆಗೆ ಸೇರಿಸಿ ಕಟ್ಟಿದ್ದು ನನ್ನ ಸೆರಗಿನಿಂದ.

ಮಾರನೆಯ ಬೆಳಿಗ್ಗೆ ಎಂಟು ಗಂಟೆಗೆ ಸೇತುವೆಗೆ ಹೋದೆ. ಕೆಳಗೆ ಮರಳು. ಸೊನ್ನೆ ಬರೆದೆ. ಅದನ್ನೂ ದುಂಡಗೆ.

ಅಜ್ಜಿ ಒರತೆಯ ಹತ್ತಿರವೇ ಕೂತು ಮುಳ್ಳು ಸರಿಪಡಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ನಕ್ಷೆ, ಬೂದಿ ಬಣ್ಣ, ಫೋನಿಗೆ ಬರುವ ಸುದ್ದಿ, ಆ ಸುದ್ದಿ ಹಟ್ಟಿಗೆ ಬರುವುದಿಲ್ಲ ಎಂಬುದು. ಅವಳು ಕೈಕೆಲಸ ನಿಲ್ಲಿಸಲಿಲ್ಲ.

“ನನ್ ಸೊಸೆ ಹೋಗಂಗಾಗಿದ್ದಳಲ್ಲ, ಅವತ್ತಿಂದು ಏನ್ ಬರ್ದೆ?” ಎಂದಳು.

“ಸೊನ್ನೆ.”

“ಅಂದ್ರೆ?”

“ನೀರು ಇರ್ಲಿಲ್ಲ ಅಂತ.”

ಅಜ್ಜಿ ಕೈಯಲ್ಲಿದ್ದ ಮುಳ್ಳನ್ನು ಬಿಸಾಕಿ ಎದ್ದು ನಿಂತಳು. “ನೀರಿರ್ಲಿಲ್ವಾ? ಹಂಗಾರೆ ಅವಳ ತೋಳು ಕಿತ್ತೋರು ಯಾರು, ನಿಮ್ಮಪ್ಪನಾ? ದಿನಾ ಬಂದು ನಮ್ ನೀರು ಕುಡ್ದು, ನೀರಿಲ್ಲ ಅಂತ ಬರ್ದೀಯಲ್ಲೇ!”

ಎಂಟು ಗಂಟೆಯ ನಿಯಮ ಹೇಳಲು ಹೊರಟೆ. ನನ್ನ ಬಾಯಿಗೇ ಅದು ನಾಚಿಕೆಗೇಡು ಅನ್ನಿಸಿತು, ಅರ್ಧಕ್ಕೆ ನಿಲ್ಲಿಸಿದೆ. ಅವಳು ಬೈದು ಮುಗಿಸುವವರೆಗೆ ನಿಂತೆ. ಬಹಳ ಹೊತ್ತು ಬೈದಳು. ಆಮೇಲೆ, “ಹೋಗ್ಲಿ, ಎಷ್ಟು ಸಲ ಬಂತು ಅಂತ ನಿಂಗೆ ನೆಪ್ಪೈತಾ?” ಎಂದಳು.

“ಇಲ್ಲ.”

“ನಮ್ಗೈತೆ” ಎಂದಳು.

ಅವರ ಆ ಲೆಕ್ಕ ಇದ್ದದ್ದು ಒರತೆ ತೋಡುವ ಪಾಳಿಯಲ್ಲಿ. ಹಳ್ಳ ಬಂದು ಹೋದಾಗಲೆಲ್ಲ ಒರತೆ ಮರಳಿನಿಂದ ಮುಚ್ಚಿಹೋಗುತ್ತದೆ, ಮತ್ತೆ ತೋಡಬೇಕು. ಭುಜದಾಳ ಮರಳು ಎತ್ತುವುದು ಸೊಂಟ ಮುರಿಯುವ ಕೆಲಸ. ಆದ್ದರಿಂದ ಹಟ್ಟಿಯಲ್ಲಿ ಮನೆಗೊಂದು ಪಾಳಿ. ಈ ಸಲ ಮೊದಲ ಮನೆಯವರು ತೋಡಿದರೆ ಮುಂದಿನ ಸಲ ಎರಡನೇ ಮನೆಯವರು. ಬರೀ ದಂಡೆ ಕುಸಿದರೆ ಅದು ಪಾಳಿಗೆ ಸೇರುವುದಿಲ್ಲ, ಹಳ್ಳವೇ ಬಂದಿರಬೇಕು. ಏಳು ವರ್ಷದ ಹಿಂದೆ ಹನ್ನೊಂದನೇ ಮನೆ ಬೇರೆಯಾದಾಗ ಪಾಳಿಯನ್ನು ಮೊದಲಿನಿಂದ ಶುರುಮಾಡಿದ್ದರು.

ಸಂಜೆ ಬೇವಿನ ಮರದ ಕೆಳಗೆ ಹಟ್ಟಿಯೆಲ್ಲ ಸೇರಿತು. ಲೆಕ್ಕ ಶುರುವಾದ ಎರಡು ನಿಮಿಷಕ್ಕೆ ಜಗಳ ಶುರುವಾಯಿತು. ಐದನೇ ಮನೆಯವನು ತಾನು ಒಂದು ಪಾಳಿ ಹೆಚ್ಚು ತೋಡಿದ್ದೇನೆ ಎಂದ. “ಲೇ, ಅದು ನಿನ್ ಕುರಿ ತುಳಿದು ಕುಸಿದಿದ್ದು, ಹಳ್ಳ ಬಂದಿದ್ದಲ್ಲ” ಎಂದು ಆರನೇ ಮನೆಯವನು ಮೈಮೇಲೆ ಹೋದ. ಒಬ್ಬಳಿಗೆ ಬಸುರಿಯಲ್ಲಿ ತೋಡಿಸಿದ್ದು ನೆನಪಿತ್ತು, ಅವಳ ಅತ್ತೆಗೆ ಅದು ಬೇರೆ ಥರ ನೆನಪಿತ್ತು. ಇನ್ನೊಬ್ಬ ದೊಡ್ಡಉಳ್ಳಾರ್ತಿಯ ಕಾವಲಿನ ಹುಲ್ಲಿಗೆ ಕುರಿ ಹೊಡೆದುಕೊಂಡು ಹೋಗಿ ಪಾಳಿ ತಪ್ಪಿಸಿಕೊಂಡಿದ್ದನ್ನು ಯಾರೂ ಮರೆತಿರಲಿಲ್ಲ. ಇಷ್ಟು ಚೆನ್ನಾಗಿ ಇಟ್ಟ ದಾಖಲೆಯನ್ನು ನಾನು ಯಾವ ಕಚೇರಿಯಲ್ಲೂ ನೋಡಿಲ್ಲ. ಪ್ರತಿ ಸಲಕ್ಕೂ ಸಾಕ್ಷಿಯಿತ್ತು, ಎದುರು ಸಾಕ್ಷಿಯೂ ಇತ್ತು. ನಾನು ಮೂಲೆಯಲ್ಲಿ ಕೂತು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಾ ಹೋದೆ. ಕೊನೆಗೆ ಎಲ್ಲರೂ ಒಪ್ಪಿದ್ದು: ಹನ್ನೊಂದು ಮನೆಯ ಪಾಳಿ ನಾಲ್ಕು ಸುತ್ತು ಮುಗಿದು, ಐದನೇ ಸುತ್ತಿನಲ್ಲಿ ಮೂರನೇ ಮನೆಯವರೆಗೆ ಬಂದಿದೆ. ನಲವತ್ತೇಳು ಸಲ. ಅದೇ ಏಳು ವರ್ಷದಲ್ಲಿ ನನ್ನ ಪುಸ್ತಕದಲ್ಲಿ ಸೊನ್ನೆಯಲ್ಲದ ಬೆಳಗು ಐದು.

ಸಭೆಯ ದಿನ ಅಜ್ಜಿಯೂ ನಾನೂ ಚಳ್ಳಕೆರೆಗೆ ಬಸ್ಸು ಹತ್ತಿದೆವು. ಕಂಡಕ್ಟರ್ “ಎಷ್ಟಕ್ಕಾ ಇವತ್ತು?” ಎಂದ. ಸುಮ್ಮನೆ ಟಿಕೆಟ್ ಹರಿಯಪ್ಪಾ ಎಂದೆ. ಎಣ್ಣೆ ಗಿರಣಿಗಳ ಹಿಂದಿನ ಬೀದಿಯ ಒಂದು ಹಾಲಿನಲ್ಲಿ ಸಭೆ. ಕಿಟಕಿಯಿಂದ ಹುರಿದ ಶೇಂಗಾ ವಾಸನೆ ಬರುತ್ತಿತ್ತು. ಮುಂದಿನ ಸಾಲಿನವರು ಅಣೆಕಟ್ಟೆಯ ನೀರು ಯಾರಿಗೆ ಎಷ್ಟು ಎಂದು ಒಂದೂವರೆ ತಾಸು ಗುದ್ದಾಡಿದರು. ನಮ್ಮ ಹಳ್ಳದ ಸರದಿ ಬಂದಾಗ ಅರ್ಧ ಹಾಲು ಊಟಕ್ಕೆ ಎದ್ದಿತ್ತು. ಇಂಜಿನಿಯರ್ ಪರದೆಯ ಮೇಲೆ ಬೂದಿ ಗೆರೆ ತೋರಿಸಿ, “ಇದಕ್ಕೆ ಆಕ್ಷೇಪಣೆ ಇರಲಾರದು” ಎಂದು ಮುಂದಕ್ಕೆ ಹೋಗುವುದರಲ್ಲಿದ್ದ.

ಎದ್ದು ನಿಂತೆ. “ನನ್ ಪುಸ್ತಕ ತಪ್ಪೈತೆ” ಎಂದೆ.

ವೇದಿಕೆಯ ಮೇಲಿದ್ದ ಹಿರಿಯ ಅಧಿಕಾರಿ ಕನ್ನಡಕ ತೆಗೆದರು. “ಅಳತೆ ತಪ್ಪಿಸಿದ್ದೀರಾ?”

“ಇಲ್ಲ. ಒಂದು ದಿನಾನೂ ತಪ್ಪಿಸಿಲ್ಲ.”

“ಸುಳ್ಳು ಬರೆದಿದ್ದೀರಾ?”

“ಅದೂ ಇಲ್ಲ. ಎಂಟು ಗಂಟೆಗೆ ನೀರಿರ್ಲಿಲ್ಲ. ನಾಲ್ಕು ಗಂಟೆಗೆ ಇತ್ತು. ನನ್ ಕಣ್ಣಾರೆ ನೋಡಿ, ಬರೀದೆ ಬಿಟ್ಟೆ.”

“ಯಾಕೆ?”

ಬರೆಯಬೇಡ ಎಂದಿದ್ದರು ಎಂದು ಹೇಳಿ ಕೂತುಬಿಡಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಅಷ್ಟೇ ಹೇಳಿದರೆ ಅದೂ ಎಂಟು ಗಂಟೆಯ ಸೊನ್ನೆಯಂಥ ನಿಜವೇ ಆಗುತ್ತಿತ್ತು. “ಒಂದ್ಸಲ ಬರ್ದಿದ್ದಕ್ಕೆ ಬೈದ್ರು ಸಾರ್. ಆಮೇಲೆ ಸಿಟ್ಟಿಗೆ ಬರೀಲಿಲ್ಲ. ಹದಿಮೂರು ವರ್ಷ ಸಿಟ್ಟು ಮಾಡ್ಕಂಡೆ” ಎಂದೆ. ಹಿಂದಿನಿಂದ ಯಾರೋ ನಕ್ಕರು.

ಹಿರಿಯ ಅಧಿಕಾರಿ ನಗಲಿಲ್ಲ. ಪುಸ್ತಕ ಬಿಟ್ಟು ಬೇರೆ ದಾಖಲೆ ಇದೆಯೇ ಎಂದು ಕೇಳಿದರು. ಅಜ್ಜಿ ಕೂತಲ್ಲಿಂದಲೇ, “ನಮ್ಗೆ ಓದಾಕ್ ಬರಲ್ಲ ಸ್ವಾಮಿ. ಯಾವತ್ತು ಯಾರ್ ಮನೇರು ಒರತೆ ತೋಡಿದ್ರು ಅಂತ ಕೇಳ್ರಿ, ಹೇಳ್ತೀನಿ” ಎಂದಳು. ಪಾಳಿ ಎಂದರೇನು ಎಂದು ನಾನು ವಿವರಿಸಿದೆ. ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ಇದನ್ನು ದಾಖಲೆ ಅನ್ನಲಾಗುತ್ತದೆಯೇ ಎಂದು ಒಬ್ಬರು ಗೊಣಗಿದರು. ಇಂಜಿನಿಯರ್ ಮಾತ್ರ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು ಅಜ್ಜಿಯ ಎದುರು ನೆಲದ ಮೇಲೆ ಕೂತ.

“ತಾರೀಕು ಗೊತ್ತಿರೋದು ಒಂದು ಹೇಳಿ ಅಜ್ಜಿ.”

“ತಾರೀಕು ಗೊತ್ತಿಲ್ಲಪ್ಪ. ಓಟು ಹಾಕಿ ಬೆರಳಿಗೆ ಮಸಿ ಹಚ್ಚಿಸ್ಕೊಂಡ್ ಬಂದ ದಿನ ಸಂಜಿಗೆ ಹಳ್ಳ ಬಂತು. ಮಾರನೇ ದಿನ ಎಂಟನೇ ಮನೇರು ತೋಡಿದ್ರು. ಆಯುಧಪೂಜೆ ದಿನ ಕುಡ್ಲು ಕೊಡ್ಲಿ ತೊಳೀತಿದ್ದಾಗ ಒಂದ್ಸಲ ಬಂತು. ಅವತ್ತಿಂದು ಎರಡನೇ ಮನೆ ಪಾಳಿ.”

ಅವನು ಮೇಲುಗಡೆಯ ಹೋಬಳಿಗಳ ಮಳೆ ಲೆಕ್ಕ ತೆಗೆದು ಹುಡುಕಿದ. ಚುನಾವಣೆಯ ದಿನ ಮಧ್ಯಾಹ್ನ ಅಲ್ಲಿ ಜೋರು ಮಳೆ. ಆಯುಧಪೂಜೆಯ ದಿನವೂ ಮಳೆ. ಅಜ್ಜಿ ಇನ್ನೂ ನಾಲ್ಕು ಹೇಳಿದಳು. ಒಂದು ತಾಳೆಯಾಗಲಿಲ್ಲ, ಮೂರು ತಾಳೆಯಾದವು. ಅವನು ತಲೆ ಎತ್ತಿ ನನ್ನನ್ನು ನೋಡಿದ. ಹೊಗಳಿದ್ದಕ್ಕೆ ಪಶ್ಚಾತ್ತಾಪ ಪಡುತ್ತಿದ್ದನೋ ಏನೋ. ನನಗಂತೂ ನೆಲ ಬಿರಿದರೆ ಒಳಗೆ ಹೋಗುವಷ್ಟು ನಾಚಿಕೆಯಾಗಿತ್ತು. ಅದರ ಜೊತೆಗೆ, ಮಗ್ಗದಲ್ಲಿ ತಪ್ಪು ಬಿದ್ದ ಜಾಗದವರೆಗೆ ಬಿಚ್ಚಿ ಮುಗಿಸಿದಾಗ ಆಗುತ್ತಿದ್ದ ಹಾಗೆ ಕೈ ಹಗುರವೂ ಆಗಿತ್ತು.

ಕಚೇರಿಯ ಕೆಲಸ ಕಚೇರಿಯ ಕೆಲಸವೇ. ಅವತ್ತೇ ಏನೂ ಆಗಲಿಲ್ಲ. ಎರಡು ಸಲ ಬಂದು ನೋಡಿದರು, ಕಂಬದ ಮೇಲಿನ ನೊರೆಗೆರೆಯ ಫೋಟೋ ತೆಗೆದರು, ಹಟ್ಟಿಯಲ್ಲಿ ಕೂತು ಪಾಳಿಯ ಜಗಳವನ್ನು ಇನ್ನೊಂದು ಸಲ ಕೇಳಿ ಬರೆದುಕೊಂಡರು. ಎಂಟು ತಿಂಗಳ ಮೇಲೆ ಕಾಗದ ಬಂತು. ನಮ್ಮ ಹಳ್ಳಕ್ಕೆ ಕೆಂಪು ಬಣ್ಣ ಬಿದ್ದಿತ್ತು. ಹಟ್ಟಿಯ ಹೆಸರು ಪಟ್ಟಿ ಸೇರಿತ್ತು. ಬೇರೆ ಹಳ್ಳಗಳಲ್ಲೂ ಎಂಟು ಗಂಟೆಯ ಪುಸ್ತಕವೊಂದನ್ನೇ ನಂಬಬಾರದು, ದಡದವರನ್ನು ಕೇಳಬೇಕು ಎಂದು ಯೋಜನೆಯಲ್ಲಿ ಒಂದು ಸಾಲು ಸೇರಿಸಿದ್ದಾರೆ ಎಂದು ಇಂಜಿನಿಯರ್ ಫೋನು ಮಾಡಿ ಹೇಳಿದ. ಹಳ್ಳದ ಮೇಲುಗಡೆ ಯಂತ್ರ ಇಟ್ಟರು, ಸೇತುವೆಗೂ ಒಂದು ಪೆಟ್ಟಿಗೆ ತಂದು ಕೂರಿಸಿದರು. ಅದು ಕಾಲು ಗಂಟೆಗೊಮ್ಮೆ ತಾನೇ ಅಳೆಯುತ್ತದೆ. ಆದ್ದರಿಂದ ಇನ್ನು ನನ್ನ ಅಗತ್ಯವಿಲ್ಲ ಎಂದೂ ಅದೇ ಕಾಗದದ ಕೊನೆಯ ಸಾಲಿನಲ್ಲಿತ್ತು. ಓದಿ ಎರಡು ದಿನ ಊಟ ಸೇರಲಿಲ್ಲ. ಹದಿನಾಲ್ಕು ವರ್ಷದ ಪುಸ್ತಕಗಳನ್ನು ಚೀಲಕ್ಕೆ ತುಂಬಿ ಕೊಟ್ಟುಬಿಟ್ಟೆ.

ನೌಕರಿ ಹೋದ ಸುದ್ದಿ ಹೇಳಲು ಅಜ್ಜಿಯ ಹತ್ತಿರ ಹೋದರೆ ಅವಳು ಅಯ್ಯೋ ಪಾಪ ಅನ್ನಲಿಲ್ಲ. “ನಿನ್ ಮನೆ ಹನ್ನೆರಡನೇದು” ಎಂದಳು. “ಇಷ್ಟು ವರ್ಷ ಬಿಟ್ಟಿ ಕುಡ್ದಿದ್ದೀಯ. ಮುಂದಿನ್ ಪಾಳಿ ನಿಂದೇ.”

ಹಸ್ತ ಮಳೆಯಲ್ಲಿ ಹಳ್ಳ ಬಂತು. ಮಧ್ಯಾಹ್ನ ಮೂರೂವರೆ. ಅಜ್ಜಿಯ ಸೊಸೆ ಒರತೆಯಿಂದ ಕೊಡ ಎತ್ತುತ್ತಿದ್ದಾಗ ಸೊಂಟದಲ್ಲಿದ್ದ ಫೋನು ಕೂಗಿತಂತೆ. ಅವಳು ಮೇಲೆ ಬಂದು, ಹಟ್ಟಿಯವರನ್ನೆಲ್ಲ ಕರೆದು, ಕುರಿ ದಡ ಹತ್ತಿಸಿದಳಂತೆ, ಎಲ್ಲರೂ ನಿಂತು ಕಾದರಂತೆ. ನೀರು ಬರಲು ಇನ್ನೂ ಸುಮಾರು ಹೊತ್ತಾಯಿತಂತೆ. ಸುಳ್ಳು ಸುದ್ದಿ ಎಂದು ಐದನೇ ಮನೆಯವನು ಬೈಯಲು ಶುರುಮಾಡಿದ ಮೇಲೆ ಬಂತಂತೆ.

ಮಾರನೆಯ ಬೆಳಿಗ್ಗೆ ಸಲಿಕೆ ಹಿಡಿದು ಇಳಿದೆ. ಮರಳು ಎತ್ತಿ ಎತ್ತಿ ಹಾಕಿದೆ. ಗುಂಡಿ ಸೊಂಟದ ಮಟ್ಟಕ್ಕೆ, ಆಮೇಲೆ ಎದೆಮಟ್ಟಕ್ಕೆ ಬಂತು. ಅಷ್ಟು ಆಳಕ್ಕೆ ಇಳಿದು ಬಗ್ಗಿದರೆ ಹಳ್ಳ ಕಾಣುವುದಿಲ್ಲ, ಸೇತುವೆ ಕಾಣುವುದಿಲ್ಲ, ಮೇಲೆ ಒಂದು ತುಂಡು ಆಕಾಶ ಅಷ್ಟೇ. ದೇವಸಮುದ್ರದ ಬಸ್ಸು ಸೇತುವೆ ದಾಟಿದ ಸದ್ದೂ ಕೆಳಗೆ ಸರಿಯಾಗಿ ಕೇಳಲಿಲ್ಲ. ಎಂಟಾಯಿತು ಎಂದು ಗೊತ್ತಾದದ್ದು ಬೆನ್ನ ಮೇಲೆ ಬಿದ್ದ ಬಿಸಿಲಿನಿಂದ. ಹದಿನಾಲ್ಕು ವರ್ಷ ಮೇಲಿನಿಂದ ನೋಡಿ ಸೊನ್ನೆ ಎಂದು ಬರೆದ ಜಾಗದ ತಳದಲ್ಲಿ ನಿಂತಿದ್ದೆ. ಇದ್ದಕ್ಕಿದ್ದ ಹಾಗೆ ಹೆದರಿಕೆಯಾಯಿತು. ಸಲಿಕೆ ನಿಲ್ಲಿಸಿ, “ಯಾರಾದ್ರೂ ಇದೀರೇನ್ರೀ?” ಎಂದು ಕೂಗಿದೆ.

ದಡದ ಮೇಲಿಂದ ಅಜ್ಜಿಯ ಸೊಸೆಯ ಧ್ವನಿ ಬಂತು. ಅವಳ ಬಲಗೈ ಈಗಲೂ ಪೂರ್ತಿ ಮೇಲೆ ಏಳುವುದಿಲ್ಲ. ಎಡಗೈಯಲ್ಲಿ ಫೋನು ಹಿಡಿದು, ಮೇಲುಗಡೆಗೆ ಮುಖ ಮಾಡಿ ಕೂತಿದ್ದಳು. ನಾನು ಇಳಿದಾಗಿನಿಂದ ಅಲ್ಲೇ ಇದ್ದಳಂತೆ.

“ನಾನ್ ನೋಡ್ತಾ ಇದೀನಕ್ಕಾ” ಎಂದಳು. “ನೀನ್ ತೋಡು.”